ಕಣ್ಣಿನ ಗೂಡು, ಕಣ್ಣುಗುಳಿ, ನೇತ್ರಕೋಟರ: ಯಾವುದು ಸರಿ?

ಎಲ್ಲರಿಗೂ ನಮಸ್ಕಾರ.

ಕಣ್ಣಿನ ಹತ್ತಿರ ಪೆಟ್ಟು ತಿಂದು ಬರುವವರ ಕೈಗೆ ಕೊಡಲು ಎರಡು ಪುಟದ ಕನ್ನಡ ಮಾಹಿತಿ ಬರೆಯುತ್ತಿದ್ದೇನೆ. ‘ಆರ್ಬಿಟಲ್ ಫ್ರಾಕ್ಚರ್’, ಅಂದರೆ ಕಣ್ಣುಗುಡ್ಡೆ ಕೂತಿರುವ ಮೂಳೆಯ ಗುಂಡಿ ಮುರಿಯುವುದು, ಅನ್ನುವಲ್ಲೇ ನಿಂತಿದ್ದೇನೆ. ಕಂಪ್ಯೂಟರಿನ ಅನುವಾದ ‘ಕಕ್ಷೆಯ ಮುರಿತ’ ಅಂದಿತು. ಚಂದ್ರಯಾನಕ್ಕೆ ಏನೋ ಆಯಿತು ಅಂದುಕೊಳ್ಳಬೇಕು ಅಷ್ಟೆ.

ಪುಸ್ತಕದ ‘ನೇತ್ರಕೋಟರ’ ತಪ್ಪಲ್ಲ. ಆದರೆ ಹಾಗಂದರೆ ಓದುವವರು ಪಕ್ಕದವರ ಮುಖ ನೋಡುತ್ತಾರೆ. ‘ಕಣ್ಣುಗುಳಿ’ ಹತ್ತಿರದ ಪದ. ಆದರೆ ‘ಕಣ್ಣು ಗುಳಿ ಬಿದ್ದಿದೆ’ ಅಂದರೆ ಜ್ವರದಲ್ಲಿ ಸೊರಗಿದವರ ಮಾತು. ಈ ಮುರಿತದಲ್ಲೂ ಕೆಲವರಿಗೆ ಕಣ್ಣು ಒಳಕ್ಕೆ ಇಳಿಯುತ್ತದೆ. ಹಾಗಾಗಿ ಜಾಗದ ಹೆಸರು, ಲಕ್ಷಣದ ಹೆಸರು ಎರಡೂ ಕಲಸಿಹೋಗುತ್ತವೆ. ಎದೆಗೂಡು ಇದೆಯಲ್ಲ, ಅದರ ಜೊತೆಗೆ ‘ಕಣ್ಣಿನ ಗೂಡು’ ಒಪ್ಪುತ್ತದೆ ಅಂತ ಸದ್ಯಕ್ಕೆ ಅದನ್ನೇ ಇಟ್ಟಿದ್ದೇನೆ. (2002ರಲ್ಲಿ ಆಂಟಿಗುವಾದಲ್ಲಿ ಕುಂಬ್ಳೆ ಪಟ್ಟಿ ಸುತ್ತಿಕೊಂಡು ಬೌಲ್ ಮಾಡಿದ ಮೇಲೆ ‘ದವಡೆ ಮುರಿತ’ವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಈ ಗೂಡಿಗೆ ಆ ಭಾಗ್ಯ ಇಲ್ಲ.)

ಗೂಡು ಏಳು ಮೂಳೆಗಳು ಸೇರಿ ಆದದ್ದು. ಅಂಚು ಗಟ್ಟಿ. ತಳ ಮತ್ತು ಮೂಗಿನ ಕಡೆಯ ಗೋಡೆ ಬಹಳ ತೆಳು. ತಳದ ಕೆಳಗೆ ಕೆನ್ನೆಯ ಸೈನಸ್, ಅಂದರೆ ಗಾಳಿ ತುಂಬಿದ ಟೊಳ್ಳು. ಚೆಂಡೋ ಮುಷ್ಟಿಯೋ ಎದುರಿನಿಂದ ಬಡಿದಾಗ ಅಂಚು ತಡೆದುಕೊಂಡು ತಳ ಮಾತ್ರ ಒಡೆಯಬಹುದು. ಇದೇ ‘ಬ್ಲೋಔಟ್’. 1957ರಲ್ಲಿ ಸ್ಮಿತ್ ಮತ್ತು ರೀಗನ್ ಅನ್ನುವ ವೈದ್ಯರು ಬರೆದ ಲೇಖನದ ತಲೆಬರಹದಲ್ಲೇ ಈ ಪದ ಇದೆ. ‘ಸ್ಫೋಟ ಮುರಿತ’ ಬೇಡವೇ ಬೇಡ, ಕಣ್ಣೇ ಸಿಡಿದುಹೋಯಿತು ಅಂತ ಜನ ಗಾಬರಿಯಾಗುತ್ತಾರೆ. ‘ಗೂಡಿನ ತಳ ಒಡೆದಿದೆ’ ಸಾಕಲ್ವಾ? ಕಣ್ಣುಗುಡ್ಡೆಗೆ ಏಟಾಗಿದೆಯೇ ಅನ್ನುವುದು ಬೇರೆ ಪ್ರಶ್ನೆ, ಅದನ್ನು ಬೇರೆಯಾಗಿಯೇ ನೋಡಬೇಕು.

ನನ್ನ ನಿಜವಾದ ತಲೆನೋವು ಮಕ್ಕಳದ್ದು. ಮಕ್ಕಳ ಮೂಳೆ ಪೂರ್ತಿ ಮುರಿಯದೆ ಬಾಗಿ, ಮತ್ತೆ ಜಾಗಕ್ಕೆ ಬರುವಾಗ ಕಣ್ಣು ಆಡಿಸುವ ಸ್ನಾಯುವನ್ನು ಕಚ್ಚಿ ಹಿಡಿಯುತ್ತದೆ. ಹೊರಗೆ ಊತ ಇಲ್ಲ, ಕೆಂಪು ಇಲ್ಲ. ಅದಕ್ಕೇ ಇಂಗ್ಲಿಷಿನಲ್ಲಿ ‘ವೈಟ್ ಐಡ್’ ಅನ್ನುತ್ತಾರೆ. ಮಗು ವಾಂತಿ ಮಾಡುತ್ತದೆ, ನಾಡಿ ನಿಧಾನವಾಗುತ್ತದೆ, ತಲೆಗೆ ಪೆಟ್ಟಾಗಿದೆ ಅಂತ ಎಲ್ಲರ ಗಮನ ಅತ್ತ ಹೋಗುತ್ತದೆ. ‘ಮೇಲೆ ನೋಡು ಪುಟ್ಟಾ’ ಅಂದರೆ ಒಂದು ಕಣ್ಣು ಏರುತ್ತದೆ, ಇನ್ನೊಂದು ಅಲ್ಲೇ ನಿಲ್ಲುತ್ತದೆ. ಇಂಥವರಿಗೆ ಒಂದೆರಡು ದಿನದೊಳಗೆ ಆಪರೇಷನ್ ಆಗಬೇಕು, ತಡವಾದರೆ ಸ್ನಾಯು ಹಾಳಾಗುತ್ತದೆ. ‘ಬಿಳಿಗಣ್ಣು’ ಅಂತ ಬರೆದರೆ ಪೊರೆ ಬಂದಿದೆ ಅಂದುಕೊಳ್ಳುತ್ತಾರೆ, ‘ಬಿಳುಚಿದ ಕಣ್ಣು’ ಅಂದರೆ ರಕ್ತ ಕಡಿಮೆ ಅಂತ. ‘ಕಚ್ಚುಮುರಿತ’ ಹೇಗೆ? ನನಗೇನೋ ಹಿಡಿಸಿದೆ. ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ ಹೇಳಿ.

ದೊಡ್ಡವರ ಭಾಗ ಸುಲಭ. ಬಹಳ ಜನರಿಗೆ ಆಪರೇಷನ್ನೇ ಬೇಡ. ಸಿಟಿ ಸ್ಕ್ಯಾನ್ ಮಾಡಿ, ಊತ ಇಳಿಯಲು ಒಂದೆರಡು ವಾರ ಕಾಯುತ್ತಾರೆ. ಆಮೇಲೂ ಎರಡೆರಡು ಕಾಣುತ್ತಿದ್ದರೆ, ಕಣ್ಣು 2 ಮಿಲಿಮೀಟರಿಗಿಂತ ಜಾಸ್ತಿ ಒಳಗೆ ಹೋಗಿದ್ದರೆ ಅಥವಾ ತಳ ಅರ್ಧಕ್ಕಿಂತ ಹೆಚ್ಚು ಒಡೆದಿದ್ದರೆ, ಸಾಮಾನ್ಯವಾಗಿ ಕೆಳರೆಪ್ಪೆಯ ಒಳಬದಿಯಿಂದ ಹೋಗಿ ಟೈಟಾನಿಯಂ ಜಾಲರಿಯಂಥದ್ದನ್ನು ಕೂರಿಸುತ್ತಾರೆ. ‘ದ್ವಿದೃಷ್ಟಿ’ಯನ್ನು ಕೈಬಿಟ್ಟು ‘ಎರಡೆರಡು ಕಾಣುವುದು’ ಅಂತಲೇ ಬರೆದಿದ್ದೇನೆ.

ಇನ್ನೆರಡು ಕಡೆ ನೆರವು ಬೇಕು. ಕೆನ್ನೆ, ಮೇಲ್ತುಟಿ, ಒಸಡು ಮುಟ್ಟಿದರೆ ಗೊತ್ತಾಗದ ಸ್ಥಿತಿಗೆ ‘ಜೋಮು’ ಅನ್ನಬಹುದೇ? ಕಾಲಿಗೆ ಹಿಡಿದ ಜೋಮು ಕೊಡವಿದರೆ ಬಿಡುತ್ತದೆ, ಇದು ತಿಂಗಳುಗಟ್ಟಲೆ ಇರಬಹುದು. ‘ಮರಗಟ್ಟಿದೆ’ ವಾಸಿಯೇ?

ಇನ್ನೊಂದು, ‘ಮೂಗು ಸೀಟಬೇಡಿ’. ಸೀಟಿದರೆ ಸೈನಸ್ಸಿನ ಗಾಳಿ ಒಡೆದ ಜಾಗದಿಂದ ನುಗ್ಗಿ ರೆಪ್ಪೆ ಥಟ್ಟನೆ ಉಬ್ಬುತ್ತದೆ, ಒತ್ತಿದರೆ ಚರಚರ ಅನ್ನುತ್ತದೆ. ಅವಸರದಲ್ಲಿ ಓದುವವರು ಇದನ್ನು ‘ಸೀನಬೇಡಿ’ ಅಂತ ಓದಿಕೊಂಡರೆ ಮೂಗು ಮುಚ್ಚಿ ಸೀನು ತಡೆಯುತ್ತಾರೆ, ಅದು ಇನ್ನೂ ಕೆಟ್ಟದ್ದು. ಸೀನು ಬಂದರೆ ಬಾಯಿ ತೆರೆದು ಸೀನಬೇಕು. ಧಾರವಾಡ, ಕಲಬುರಗಿ, ಮಂಗಳೂರು ಕಡೆಯವರು ಸೀಟುವುದಕ್ಕೆ ಏನನ್ನುತ್ತೀರಿ?