ಹಳೆ ಆ್ಯಪ್ ನಿಂತುಹೋಯಿತು, ಖಾತೆ ಅಳಿಸಲೋ ಬೇಡವೋ? ಅನುಭವ ಇದ್ದವರು ಹೇಳಿ

ವಿಜಯಪುರದಿಂದ ಬರೆಯುತ್ತಿದ್ದೇನೆ, ದ್ರಾಕ್ಷಿ ತೋಟ ಇದೆ. ಒಂದು ಚರ್ಚೆಯ ತಾಣ ಓದಲು ನಾನು ಬಳಸುತ್ತಿದ್ದ, ಹೊರಗಿನವರು ಮಾಡಿದ ಆ್ಯಪ್ ನಿಂತಿದೆ. ತಾಣದ ಸ್ವಂತ ಆ್ಯಪ್ ನನಗೆ ಒಗ್ಗುತ್ತಿಲ್ಲ. ದ್ರಾಕ್ಷಿಯ ಡೌನಿ ರೋಗ, ಚಾಟ್ನಿ (ಬಳ್ಳಿ ಸವರುವುದು) ಬಗ್ಗೆ ಸೇವ್ ಮಾಡಿದ ಪೋಸ್ಟ್‌ಗಳು ನೂರಾರು ಇವೆ. ಬಿಟ್ಟು ಹೋದವರು ಏನು ಮಾಡಿದಿರಿ?

ಬೆಳಗಾವಿಯಿಂದ:
ಅಣ್ಣಾರ, ಇವತ್ತೇ ಅಳಿಸಬೇಡಿ. ಮೊದಲು ಇದೊಂದು ಮಾತು ಕೇಳಿ.

ನಿಮ್ಮದು ಯಾವ ತಾಣ ಅಂತ ಬರೆದಿಲ್ಲ, ನನ್ನದು ರೆಡ್ಡಿಟ್, ಒಂದೊಂದು ವಿಷಯಕ್ಕೆ ಗುಂಪು ಕಟ್ಟಿಕೊಂಡು ಜನ ಮಾತಾಡುವ ತಾಣ. ಇಲ್ಲಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಸಿಎನ್‌ಸಿ ಮಷಿನ್ (ಕಂಪ್ಯೂಟರ್ ಹೇಳಿದಂತೆ ಲೋಹ ಕತ್ತರಿಸುವ ಯಂತ್ರ) ನಡೆಸುತ್ತೇನೆ. ರಾತ್ರಿ ಪಾಳಿಯಲ್ಲಿ ಚಹಾ ಹೊತ್ತಿಗೆ ಅಲ್ಲಿ ಮಷಿನ್ ಕೆಲಸದವರ ಮಾತು ಓದುವುದು ರೂಢಿಯಾಗಿತ್ತು. ಇನ್ಸರ್ಟ್ (ಲೋಹ ಕತ್ತರಿಸುವ ತುದಿ) ಯಾಕೆ ಬೇಗ ಒಡೆಯುತ್ತದೆ, ಥ್ರೆಡ್ ಹಾಕುವಾಗ ಯಾಕೆ ನಡುಗುತ್ತದೆ ಅಂತ ಜೀವನವೆಲ್ಲ ಅದೇ ಕೆಲಸ ಮಾಡಿದವರು ಬರೆದಿರುತ್ತಿದ್ದರು, ಯಾವ ಟ್ರೇನಿಂಗ್‌ನಲ್ಲೂ ಅದನ್ನು ಹೇಳಿಕೊಡುವುದಿಲ್ಲ. ಓದುತ್ತಿದ್ದದ್ದು ಆರ್‌ಐಎಫ್ ಅನ್ನುವ ಹೊರಗಿನವರ ಆ್ಯಪ್‌ನಲ್ಲಿ. ಹಳೆ ಫೋನಿನಲ್ಲೂ ಹಗುರವಾಗಿ ತೆರೆಯುತ್ತಿತ್ತು. 2023ರ ಜೂನ್ ಕೊನೆಗೆ ಅದು, ಅದರಂಥವೇ ಆದ ಅಪೊಲೊ, ಸಿಂಕ್ ಎಲ್ಲ ನಿಂತವು. ಹೊರಗಿನ ಆ್ಯಪ್‌ಗಳು ತಾಣದಿಂದ ಮಾಹಿತಿ ತರಿಸಿಕೊಳ್ಳುವ ಎಪಿಐಗೆ ಹೊಸ ದರ ಬಂದಿತ್ತು. ಸಾವಿರ ಸಲ ಕೇಳಿದರೆ 24 ಸೆಂಟ್. ಕಡಿಮೆ ಅನಿಸುತ್ತದೆ ಅಲ್ವಾ? ಆದರೆ ಅಪೊಲೊ ತಿಂಗಳಿಗೆ ಸುಮಾರು 700 ಕೋಟಿ ಸಲ ಕೇಳುತ್ತಿತ್ತು, ವರ್ಷಕ್ಕೆ 2 ಕೋಟಿ ಡಾಲರ್ ಆಗುತ್ತದೆ ಅಂತ ಅದನ್ನು ಕಟ್ಟಿದವರೇ ಲೆಕ್ಕ ಕೊಟ್ಟರು. ಜೂನ್ 12ರಿಂದ ಸಾವಿರಾರು ಗುಂಪುಗಳು ಬಾಗಿಲು ಹಾಕಿ ಪ್ರತಿಭಟಿಸಿದವು. ದರ ಇಳಿಯಲಿಲ್ಲ.

ಸಿಟ್ಟಿನಲ್ಲಿ ನಾನು ಅದೇ ರಾತ್ರಿ ಖಾತೆ ಅಳಿಸಿದೆ. ಸೇವ್ ಮಾಡಿದ್ದೆಲ್ಲ ಜೊತೆಗೇ ಹೋಯಿತು. ಅವಸರ ನನ್ನದೇ, ಇವತ್ತಿಗೂ ಕೆಲಸದ ನಡುವೆ ಆ ಪೋಸ್ಟ್‌ಗಳು ನೆನಪಾಗುತ್ತವೆ.

ನೀವು ಹಾಗೆ ಮಾಡಬೇಡಿ. ರೆಡ್ಡಿಟ್ ಆದರೆ ನಿಮ್ಮ ಡೇಟಾ ಕೊಡಿ ಅಂತ ಅರ್ಜಿ ಹಾಕಬಹುದು. ಸಿಗಲು 30 ದಿನದವರೆಗೂ ಹಿಡಿಯಬಹುದು. ಬಂದ ಫೈಲ್‌ನಲ್ಲಿ ಸೇವ್ ಮಾಡಿದ್ದರ ಲಿಂಕ್ ಮಾತ್ರ ಇರುತ್ತದೆ, ಬರಹ ಇರುವುದಿಲ್ಲ. ಬರೆದವರು ಅಳಿಸಿದರೆ ಆ ಲಿಂಕ್ ಖಾಲಿ. ಆ ಗಲಾಟೆಯಲ್ಲಿ ಎಷ್ಟೋ ಜನ ತಮ್ಮ ಹಳೆ ಬರಹ ತೆಗೆದುಹಾಕಿದರು. ಹಾಗಾಗಿ ಮುಖ್ಯ ಅನಿಸಿದ್ದನ್ನು ಒಂದೊಂದೇ ತೆರೆದು ಬರಹವನ್ನೇ ಕಾಪಿ ಮಾಡಿಕೊಳ್ಳಿ. ಬೇಸರದ ಕೆಲಸ, ಆದರೂ ಮಾಡಿ.

ಬಾಗಲಕೋಟೆ ನವನಗರದಿಂದ:
ನಾನು ಬಿಟ್ಟದ್ದು ಟ್ವಿಟರ್. 2023ರ ಜನವರಿಯಲ್ಲಿ ಟ್ವೀಟ್‌ಬಾಟ್, ಟ್ವಿಟರಿಫಿಕ್ ಅನ್ನುವ ಹೊರಗಿನ ಆ್ಯಪ್‌ಗಳು ನಿಂತ ಮೇಲೆ ಮಾಸ್ಟೊಡಾನ್‌ಗೆ ಹೋದೆ, ಅದು ಬೇರೆ ಬೇರೆಯವರ ಸರ್ವರ್‌ಗಳಲ್ಲಿ ನಡೆಯುವ ಅಂಥದೇ ತಾಣ. ಮೊದಲ ತಿಂಗಳು ಒಬ್ಬಳೇ, ಸುಮ್ನೆ ಗೋಡೆಗೆ ಮಾತಾಡಿದ ಹಾಗೆ. ಆಮೇಲೆ ಕನ್ನಡದಲ್ಲಿ ಬರೆಯುವ ಐದಾರು ಗೆಳತಿಯರನ್ನು ಕರೆದುಕೊಂಡೆ, ಈಗ ದಿನಾ ಮಾತು ನಡೆಯುತ್ತದೆ. ಒಬ್ಬರೇ ಹೋಗಬೇಡಿ, ನಿಮ್ಮ ದ್ರಾಕ್ಷಿ ಬೆಳೆಗಾರರನ್ನೂ ಕೇಳಿ. ಒಂದು ವಿಷಯ, ಮಾಸ್ಟೊಡಾನ್‌ನಲ್ಲಿ ಸರ್ವರ್ ಬದಲಿಸಿದರೆ ಫಾಲೋವರ್‌ಗಳು ಜೊತೆಗೆ ಬರುತ್ತಾರೆ, ಹಳೆ ಪೋಸ್ಟ್ ಬರುವುದಿಲ್ಲ.

ವಿಜಯಪುರದಿಂದಲೇ ಇನ್ನೊಬ್ಬರು:
ನನಗೆ ಕಣ್ಣು ಕಾಣುವುದಿಲ್ಲ, ಫೋನಿನಲ್ಲಿರುವ ಟಾಕ್‌ಬ್ಯಾಕ್ ಪರದೆ ಮೇಲಿದ್ದದ್ದನ್ನು ಓದಿ ಹೇಳುತ್ತದೆ. ರೆಡ್ಡಿಟ್‌ಗೆ ರೆಡ್‌ರೀಡರ್ ಅಂತ ಉಚಿತ ಆ್ಯಪ್ ಇದೆ. ನಮ್ಮಂಥವರಿಗೆ ನೆರವಾಗುತ್ತದೆ ಅಂತ ಅದಕ್ಕೆ ದರದಿಂದ ವಿನಾಯಿತಿ ಸಿಕ್ಕಿತು. ನಾನು ಉಳಿದದ್ದು ಅದರಿಂದಲೇ. ಬಿಡುವ ಮುಂಚೆ ಒಮ್ಮೆ ಹಾಕಿ ನೋಡಿ.

ಕೇಳಿದವನು:
ಎಲ್ಲರಿಗೂ ಧನ್ಯವಾದ. ನನ್ನದೂ ರೆಡ್ಡಿಟ್ಟೇ. ಅರ್ಜಿ ಹಾಕಿದೆ, ಡೌನಿ ಬಗ್ಗೆ ಇದ್ದ ಹನ್ನೊಂದು ಪೋಸ್ಟ್ ರಾತ್ರಿಯೇ ಕಾಪಿ ಮಾಡಿದೆ. ಎರಡು ಆಗಲೇ ಖಾಲಿ ಬಂದವು.