ಹಡೀಲು ಗದ್ದೆಗೆ ಕಜೆ ಭತ್ತ: ಮಾಡಿ ನೋಡಿದವರು ಹೇಳಿ

ಬ್ರಹ್ಮಾವರದ ಹತ್ತಿರ ಅಜ್ಜಿಮನೆಯ 40 ಸೆಂಟ್ಸ್ ಗದ್ದೆ ಎಂಟು ವರ್ಷದಿಂದ ಬೇಸಾಯವಿಲ್ಲದೆ ಹಡೀಲು ಬಿದ್ದಿದೆ. ಈ ಏಣೆಲಿಗೆ (ಮಳೆಗಾಲದ ಬೆಳೆಗೆ) ನಮ್ಮ ಕಡೆಯ ಹಳೆ ಕೆಂಪಕ್ಕಿ ತಳಿ ಕಜೆ ಹಾಕುವ ಆಸೆ. ಊರಲ್ಲಿ ಎಲ್ಲರೂ ಸುಧಾರಿತ ತಳಿ ಎಂಓ4 ಹಾಕು ಅನ್ನುತ್ತಾರೆ. ಅನುಭವ ಇದ್ದವರು ಹೇಳುತ್ತೀರಾ?

ಹೆಬ್ರಿಯಿಂದ:
ನಾನು ನಾಲ್ಕು ವರ್ಷದಿಂದ ಹಾಕುತ್ತಿದ್ದೇನೆ. ನಿಮ್ಮದು ತಗ್ಗಿನ ಬೈಲಾ, ನಡುವಿನ ಮಜಲಾ, ಎತ್ತರದ ಬೆಟ್ಟಾ? ಬೈಲಲ್ಲಿ ನೀರು ನಿಲ್ಲುತ್ತದೆ, ಬೆಟ್ಟಿನಲ್ಲಿ ಮಳೆ ಕೈಕೊಟ್ಟರೆ ಗದ್ದೆ ಬಿರಿಯುತ್ತದೆ. ಎರಡಕ್ಕೂ ಒಂದೇ ಬೀಜ ಆಗುವುದಿಲ್ಲ.

ಮೊದಲ ವರ್ಷ ನಾನು ಕೆಟ್ಟದ್ದು ಯೂರಿಯಾದಿಂದ. ಹಡೀಲು ಬಿದ್ದ ಮಣ್ಣಲ್ಲಿ ಸತ್ವ ಬೇಕಾದಷ್ಟಿತ್ತು. ಅದರ ಮೇಲೆ ಎಂಓ4ರ ಲೆಕ್ಕದಲ್ಲೇ ಗೊಬ್ಬರ ಎರಚಿದೆ. ಕಜೆ ಎದೆಮಟ್ಟ ಬಂತು, ನೋಡಲು ಬಾರೀ ಚಂದ. ತೆನೆ ಬಲಿಯುವಾಗ ಒಂದು ರಾತ್ರಿ ಮಳೆ ಬಂತು ನೋಡಿ, ಬೆಳಿಗ್ಗೆ ಚಾಪೆ ಹಾಸಿದ ಹಾಗೆ ಮಲಗಿತ್ತು. ಅಡಿಯ ತೆನೆ ಎತ್ತಿದರೆ ಭತ್ತದ ತುದಿಯಲ್ಲಿ ಬಿಳಿ ಮೊಳಕೆ! ಕಟಾವಿನ ಮೆಷಿನಿನವರು ಹುಣಿಯಲ್ಲೇ (ಬದುವಿನಲ್ಲೇ) ನಿಂತು ವಾಪಸ್ ಹೋದರು. ಈಗ ಬರೀ ಹಟ್ಟಿಗೊಬ್ಬರ, ಸೊಪ್ಪು. ಇಳುವರಿ ಕಮ್ಮಿ, ಬೈಹುಲ್ಲು ಜಾಸ್ತಿ. ದನ ಇದ್ದರೆ ಅದೇ ಲಾಭ.

ಎಂಓ4 ಅನ್ನು ಸುಮ್ನೆ ಬೈಯಬೇಡಿ. ಅದೂ ಕೆಂಪಕ್ಕಿಯೇ, ಕೇರಳದ ಮಂಕೊಂಬಿನಿಂದ ಬಂದದ್ದು. ಗಿಡ್ಡ, ಅಷ್ಟು ಬೇಗ ಬೀಳುವುದಿಲ್ಲ. ಅರ್ಧ ಗದ್ದೆಗೆ ಅದನ್ನೇ ಹಾಕಿ.

ಬಂಟ್ವಾಳದಿಂದ:
ಬೀಜಕ್ಕಿಂತ ಮೊದಲು ಮಿಲ್ಲು ಹುಡುಕಿ. ಕುಚ್ಚಲಕ್ಕಿ ಮಾಡಲು ನಮ್ಮ ಮೂರು ಮುಡಿ (ಇಲ್ಲಿನ ಹಳೆ ಅಳತೆ) ಭತ್ತವನ್ನು ಬೇರೆಯಾಗಿ ಬೇಯಿಸಿ ಕೊಡಲು ದೊಡ್ಡ ಮಿಲ್ಲಿನವರು ಒಪ್ಪಲಿಲ್ಲ. ಕೊನೆಗೆ ಹಿಂದಿನವರ ಹಾಗೆ ಮನೆಯ ಹಂಡೆಯಲ್ಲೇ ಬೇಯಿಸಿದೆವು. ಭತ್ತ ಬಾಯಿ ಬಿಟ್ಟ ಕೂಡಲೇ ತೆಗೆದು ಅಂಗಳದಲ್ಲಿ ಒಣಗಿಸಬೇಕು. ನಂತರ ಸಣ್ಣ ಮಿಲ್ಲಿನಲ್ಲಿ, ತೌಡು ಪೂರ್ತಿ ತೆಗೆಯಬೇಡಿ ಅಂತ ಹೇಳಿ ಹತ್ತಿರ ನಿಂತು ಮಾಡಿಸಿದೆ. ಆ ಗಂಜಿಯ ತಿಳಿಯೇ ಕೆಂಪು. ಉಪ್ಪಿನಕಾಯಿ ಒಂದಿದ್ದರೆ ಸಾಕು.

ಪುತ್ತೂರಿನಿಂದ:
ಬೀಜ ಒಂದೇ ಹಿಡಿ ಸಿಕ್ಕಿದರೂ ಹೆದರಬೇಡಿ. ಕಾಸರಗೋಡಿನ ಸತ್ಯನಾರಾಯಣ ಬೇಳೇರಿಯವರು, 2024ರಲ್ಲಿ ಪದ್ಮಶ್ರೀ ಬಂತಲ್ಲ, 650ಕ್ಕೂ ಹೆಚ್ಚು ಭತ್ತದ ತಳಿ ಉಳಿಸಿದ್ದಾರೆ. ಅದೂ ಗ್ರೋ ಬ್ಯಾಗಿನಲ್ಲಿ ಬೆಳೆಸಿ! ನೀವೂ ಈ ವರ್ಷ ಬೀಜಕ್ಕಷ್ಟೇ ಬೆಳೆಸಬಹುದು. ನವಿಲು ಬಾರದ ಹಾಗೆ ಗದ್ದೆಗೆ ಬಲೆ ಕಟ್ಟುವುದು ಮಾತ್ರ ಮರೆಯಬೇಡಿ.

ಕೇಳಿದವರಿಂದ:
ನಮ್ಮದು ಮಜಲು. ಹಾಗಾದರೆ ಅರ್ಧ ಅರ್ಧ ಹಾಕುತ್ತೇನೆ. ಅಜ್ಜಿಯ ಹಂಡೆ ಅಟ್ಟದಲ್ಲಿದೆ, ತೂತು ಬಿದ್ದಿದೆಯಾ ನಾಳೆ ಇಳಿಸಿ ನೋಡಬೇಕು.