ವೀಗನ್ ರೆಸ್ಟೋರೆಂಟಿನ ಅಡುಗೆಮನೆಯಲ್ಲಿ ಇಂಟರ್ನ್‌ಶಿಪ್: ಮಳೆಗಾಲವನ್ನು ಅದಕ್ಕೆ ಕೊಡಬಹುದೇ?

ಗೋಣಿಕೊಪ್ಪ_ವಿದ್ಯಾರ್ಥಿನಿ

ಹಿರಿಯರಿಗೆಲ್ಲ ನಮಸ್ಕಾರ. ನಾನು ಹೋಟೆಲ್ ಮ್ಯಾನೇಜ್‌ಮೆಂಟ್ ಪದವಿಯ ವಿದ್ಯಾರ್ಥಿನಿ, ಮನೆ ಗೋಣಿಕೊಪ್ಪದ ಹತ್ತಿರ. ಪದವಿಗೆ ಕಡ್ಡಾಯವಾದ ತರಬೇತಿ ಈ ಬಾರಿ ಮಳೆಗಾಲಕ್ಕೆ ಬಂದಿದ್ದು, ಎರಡು ಕಡೆಯವರು ನನ್ನನ್ನು ತೆಗೆದುಕೊಳ್ಳಲು ಒಪ್ಪಿದ್ದಾರೆ. ಒಂದು ಬೆಂಗಳೂರಿನ ದೊಡ್ಡ ಹೋಟೆಲು. ಇನ್ನೊಂದು ಮಡಿಕೇರಿ ಕಡೆಯ ಕಾಫಿ ತೋಟವೊಂದರೊಳಗೆ ನಡೆಯುತ್ತಿರುವ ಸಣ್ಣ ವೀಗನ್ ರೆಸ್ಟೋರೆಂಟು. ರಾತ್ರಿಗೆ ಹೆಚ್ಚೆಂದರೆ ಇಪ್ಪತ್ತು ಅತಿಥಿಗಳು, ಒಬ್ಬೊಬ್ಬರಿಗೂ ಎಂಟು ಕೋರ್ಸುಗಳ ಊಟ, ಅಡುಗೆಮನೆಯಲ್ಲಿ ಶೆಫ್ ಸೇರಿ ಐದು ಜನ. ಹಾಲು, ತುಪ್ಪ, ಮೊಟ್ಟೆ, ಜೇನು ಯಾವುದೂ ಆ ಬಾಗಿಲು ದಾಟುವುದಿಲ್ಲ.

ಮನಸ್ಸು ಎರಡನೆಯದರ ಕಡೆಗೇ ಇದೆ, ಆದರೆ ಅನುಮಾನ ಬಿಟ್ಟಿಲ್ಲ. ಮಾಂಸ, ಮೀನು, ಮೊಟ್ಟೆಗಳನ್ನು ಮುಟ್ಟದೆ ತರಬೇತಿ ಮುಗಿಸಿದರೆ ಮುಂದೆ ಬೇರೆ ಅಡುಗೆಮನೆಯವರು ನನ್ನನ್ನು ಅರ್ಧ ಕಲಿತವಳೆಂದು ಎಣಿಸುತ್ತಾರೆಯೇ? ಅಂಥ ಕಡೆ ಇಂಟರ್ನ್‌ಗೆ ನಿಜವಾಗಿ ಯಾವ ಕೆಲಸ ಕೊಡುತ್ತಾರೆ? ಊಟ, ವಸತಿ ಕೊಡುವುದಾಗಿ ಹೇಳಿದ್ದಾರೆ. ಸ್ಟೈಪೆಂಡ್ ಬಗ್ಗೆ ಕೇಳಿದರೆ ‘ಬಂದ ಮೇಲೆ ಮಾತಾಡೋಣ’ ಎಂದಿದ್ದಾರೆ. ಪಂದಿ ಕರಿ (ಹಂದಿ ಮಾಂಸದ ಸಾರು) ಮಾಡುವ ಮನೆಯ ಹುಡುಗಿ ಸೊಪ್ಪು ಬಿಡಿಸುವುದನ್ನು ಕಲಿಯಲು ಮಡಿಕೇರಿಯವರೆಗೆ ಹೋಗಬೇಕೇ ಎಂದು ಅಜ್ಜಿ ನಗುತ್ತಾರೆ.

ವಿರಾಜಪೇಟೆ_ಶೆಫ್

ತಂಗಿ, ನಾನು ಬಹುಕಾಲ ಹೋಟೆಲು ಅಡುಗೆಮನೆಗಳಲ್ಲಿ ಕೆಲಸ ಮಾಡಿದವನು. ಅದರಲ್ಲಿ ಕೆಲವು ವರ್ಷಗಳನ್ನು ಹಾಲು ಮೊಟ್ಟೆಗಳಿಲ್ಲದ ಅಡುಗೆಮನೆಯೊಂದರಲ್ಲಿ ಕಳೆದಿದ್ದೇನೆ. ಕೆಲಸದ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ.

ಆರಂಭದಲ್ಲಿ ಸಿಗುವುದು ನಿಮ್ಮ ಅಜ್ಜಿ ಹೇಳಿದ ಕೆಲಸವೇ. ಸೊಪ್ಪು ಬಿಡಿಸಿ ಮೂರು ನಾಲ್ಕು ನೀರಿನಲ್ಲಿ ತೊಳೆಯುವುದು (ಮಳೆಗಾಲದ ಸೊಪ್ಪಿನಲ್ಲಿ ಮಣ್ಣಿನ ಜೊತೆ ಹುಳವೂ ಇರುತ್ತದೆ, ಮತ್ತು ವೀಗನ್ ಊಟದ ತಟ್ಟೆಯಲ್ಲಿ ಹುಳ ಕಾಣಿಸಿಕೊಂಡರೆ ಶೆಫ್‌ಗೆ ತಲೆಯೆತ್ತಲು ಆಗುವುದಿಲ್ಲ), ತರಕಾರಿಗಳನ್ನು ಒಂದೇ ಅಳತೆಗೆ ಹೆಚ್ಚುವುದು, ಗೋಡಂಬಿ ನೆನೆಹಾಕುವುದು, ಡಬ್ಬಿಗಳಿಗೆ ಹೆಸರು ಮತ್ತು ದಿನಾಂಕದ ಚೀಟಿ ಅಂಟಿಸುವುದು, ಫ್ರಿಜ್‌ನ ಉಷ್ಣತೆಯನ್ನು ಪುಸ್ತಕದಲ್ಲಿ ಬರೆಯುವುದು. ತಟ್ಟೆಗೆ ಎರಡು ನಿಮಿಷದಲ್ಲಿ ಏರುವ ಪದಾರ್ಥದ ಹಿಂದೆ ಎರಡು ದಿನಗಳ ಪೂರ್ವಸಿದ್ಧತೆ ಇರುವುದರಿಂದ, ಐದೇ ಜನರಿರುವ ಕಡೆ ಇಂಟರ್ನ್ ಕೈ ಹಾಕದೆ ಅದು ಮುಗಿಯುವುದೇ ಇಲ್ಲ. ದಿನಕ್ಕೆ ಹತ್ತು ಹನ್ನೆರಡು ಗಂಟೆ ನಿಲ್ಲಲು ಕಾಲು ಗಟ್ಟಿ ಇರಬೇಕು.

ಆದರೂ ಹೋಗಿ ಎನ್ನುತ್ತೇನೆ. ಸಾಮಾನ್ಯ ಅಡುಗೆಮನೆಯಲ್ಲಿ ಸಾಸು ತೆಳುವಾದರೆ ಬೆಣ್ಣೆ ಹಾಕುತ್ತೇವೆ, ರುಚಿ ಸಾಲದಿದ್ದರೆ ಮೂಳೆಯ ಸ್ಟಾಕ್ (ಮೂಳೆ ಕುದಿಸಿ ಸೋಸಿದ ನೀರು) ಸುರಿಯುತ್ತೇವೆ, ಅವು ಮಾಡುವ ಕೆಲಸವೇನೆಂದು ಯಾರೂ ಕೇಳುವುದಿಲ್ಲ. ಅವು ಯಾವುವೂ ಇಲ್ಲದ ಕಡೆ ಆ ಪ್ರಶ್ನೆಯನ್ನು ದಿನವೂ ಕೇಳಿಕೊಳ್ಳಬೇಕಾಗುತ್ತದೆ. ಮೊಟ್ಟೆಯನ್ನೇ ತೆಗೆದುಕೊಳ್ಳಿ: ನೊರೆ ಕಟ್ಟುವುದು, ಅಂಟು ಹಿಡಿಸುವುದು, ಎಣ್ಣೆ ಮತ್ತು ನೀರನ್ನು ಒಟ್ಟಿಗೆ ಹಿಡಿದಿಡುವುದು, ಬಿಸಿ ತಾಗಿದಾಗ ಗಟ್ಟಿಯಾಗುವುದು, ಇವೆಲ್ಲ ಬೇರೆ ಬೇರೆ ಕೆಲಸಗಳು, ಮತ್ತು ಒಂದೊಂದಕ್ಕೂ ಬೇರೆ ಬೇರೆ ಬದಲಿ ಬೇಕು. ಕಾಬೂಲಿ ಕಡಲೆ ಮುಂತಾದ ಕಾಳುಗಳನ್ನು ಬೇಯಿಸಿದ ನೀರು ಮೊಟ್ಟೆಯ ಬಿಳಿಯ ಹಾಗೆ ನೊರೆಯಾಗುತ್ತದೆಂದು ಫ್ರಾನ್ಸಿನ ಜೊಯೆಲ್ ರೊಸೆಲ್ 2014ರಲ್ಲಿ ತೋರಿಸಿದರು. ಆ ನೀರಿಗೆ ಅಕ್ವಾಫಾಬಾ ಎಂಬ ಹೆಸರು ಮರುವರ್ಷ ಬಂತು. ಅದರಿಂದ ಒಳ್ಳೆಯ ಮೆರಾಂಗ್ (ಸಕ್ಕರೆ ಸೇರಿಸಿ ನೊರೆ ಕಟ್ಟಿಸಿದ ಸಿಹಿ) ಆಗುತ್ತದೆ, ಆದರೆ ಒಲೆಯಲ್ಲಿ ಕೇಕನ್ನು ಎತ್ತಿ ನಿಲ್ಲಿಸುವ ಬಲ ಮೊಟ್ಟೆಗಿರುವಷ್ಟು ಅದಕ್ಕಿಲ್ಲ. ಪ್ರಾಣಿಗಳ ಮೂಳೆ, ಚರ್ಮಗಳಿಂದ ತೆಗೆಯುವ ಜೆಲಟಿನ್ ಬದಲು ಬಳಸುವ, ಕಡಲಕಳೆಯ ಅಗರ್ ಚೆನ್ನಾಗಿ ಕುದಿಸಿದರೆ ಮಾತ್ರ ಕರಗುತ್ತದೆ, 40 ಡಿಗ್ರಿಯ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ, ಮತ್ತೆ ಕರಗಲು 85 ಡಿಗ್ರಿಯಷ್ಟು ಬಿಸಿ ಕೇಳುತ್ತದೆ. ಆದ್ದರಿಂದಲೇ ಅಗರ್ ಹಾಕಿದ ಸಿಹಿ ನಾಲಗೆಯ ಮೇಲೆ ಕರಗದೆ ಮುರಿಯುತ್ತದೆ. ತರಕಾರಿ ಸ್ಟಾಕನ್ನು ಮೂಳೆಯ ಸ್ಟಾಕಿನಂತೆ ಗಂಟೆಗಟ್ಟಲೆ ಕುದಿಸಿದರೆ ರುಚಿ ಕೆಡುತ್ತದೆ, ಮುಕ್ಕಾಲು ಗಂಟೆ ಸಾಕು. ಅದಕ್ಕೆ ಬೇಕಾದ ಆಳವನ್ನು ಒಣ ಅಣಬೆ, ಕಂದುಬಣ್ಣಕ್ಕೆ ಹುರಿದ ಈರುಳ್ಳಿ, ಮೀಸೊ (ಸೋಯಾ ಹುದುಗಿಸಿದ ಜಪಾನಿ ಮಸಾಲೆ) ಇವುಗಳಿಂದ ತರಬೇಕು.

ಇಷ್ಟನ್ನು ಕೈಯಾರೆ ಮಾಡಿ ಬಂದವಳನ್ನು ನಾನಂತೂ ಅರ್ಧ ಕಲಿತವಳೆಂದು ಎಣಿಸುವುದಿಲ್ಲ. ಕೋಳಿ, ಮೀನು ಕತ್ತರಿಸುವುದನ್ನು ಮುಂದಿನ ಕೆಲಸದಲ್ಲಿ ಕಲಿಸಿಕೊಳ್ಳಬಹುದು.

ಕುಶಾಲನಗರ_ಕೇಟರಿಂಗ್

ಶೆಫ್ ಅವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿಲ್ಲ. ಎಲ್ಲಕ್ಕಿಂತ ಮೊದಲು ಕಾಲೇಜಿನ ನಿಯಮ ನೋಡಿ. ಅನೇಕ ಕಾಲೇಜುಗಳು ಅಡುಗೆ, ಸರ್ವಿಸ್, ಫ್ರಂಟ್ ಆಫೀಸ್, ಹೌಸ್‌ಕೀಪಿಂಗ್ ಈ ನಾಲ್ಕೂ ವಿಭಾಗಗಳ ತರಬೇತಿಯನ್ನು ಕೇಳುತ್ತವೆ, ಲಾಗ್‌ಬುಕ್‌ಗೆ ಆಯಾ ವಿಭಾಗದ ಸಹಿ ಬೇಕಾಗುತ್ತದೆ. ಕೋಣೆಗಳೇ ಇಲ್ಲದ ರೆಸ್ಟೋರೆಂಟು ಹೌಸ್‌ಕೀಪಿಂಗ್‌ಗೆ ಸಹಿ ಹಾಕಲಾರದು.

ಎರಡನೆಯದಾಗಿ, ಇಪ್ಪತ್ತು ಜನರಿಗೆ ಚಿಮುಟದಲ್ಲಿ ಎಲೆ ಜೋಡಿಸಿ ಕಲಿತವರು ಐನೂರು ಜನರ ಮದುವೆ ಊಟದ ದಿನ ತಬ್ಬಿಬ್ಬಾಗುವುದನ್ನು ಕಂಡಿದ್ದೇನೆ. ವೇಗ ಮತ್ತು ಪ್ರಮಾಣದ ಅಂದಾಜು ದೊಡ್ಡ ಅಡುಗೆಮನೆಯಲ್ಲಿ ಮಾತ್ರ ಬರುತ್ತದೆ, ಅದೂ ಚಿಕ್ಕ ವಯಸ್ಸಿನಲ್ಲಿ. ಇಂಥ ರೆಸ್ಟೋರೆಂಟುಗಳ ಆಯುಸ್ಸಿನ ಬಗ್ಗೆಯೂ ಯೋಚಿಸಬೇಕು. ನ್ಯೂಯಾರ್ಕಿನ ಇಲೆವೆನ್ ಮ್ಯಾಡಿಸನ್ ಪಾರ್ಕ್ 2021ರಲ್ಲಿ ಸಸ್ಯಮೂಲದ ಊಟಕ್ಕೆ ಬದಲಾಗಿ ರೆಸ್ಟೋರೆಂಟುಗಳಿಗೆ ಮಿಶೆಲಿನ್ ಗೈಡ್ ಕೊಡುವ ನಕ್ಷತ್ರಗಳಲ್ಲಿ ತನ್ನ ಮೂರನ್ನೂ ಉಳಿಸಿಕೊಂಡಿತು, ಆದರೂ 2025ರ ಅಕ್ಟೋಬರಿನಲ್ಲಿ ಮಾಂಸವನ್ನು ಮತ್ತೆ ಮೆನುವಿಗೆ ತಂದಿತು. ಫ್ರಾನ್ಸಿನ ಓನಾ 2021ರಲ್ಲಿ ಆ ದೇಶದ ವೀಗನ್ ರೆಸ್ಟೋರೆಂಟುಗಳ ಪೈಕಿ ಮೊದಲ ಬಾರಿಗೆ ನಕ್ಷತ್ರ ಪಡೆದು ಮರುವರ್ಷವೇ ಬಾಗಿಲು ಹಾಕಿತು. ಅವುಗಳ ಗತಿಯೇ ಹೀಗಾದರೆ ಮಡಿಕೇರಿಯಲ್ಲಿ ಮಳೆಗಾಲದಲ್ಲಿ ಎಷ್ಟು ಮಂದಿ ಬಂದು ಎಂಟು ಕೋರ್ಸು ಉಣ್ಣುತ್ತಾರೆ ಎಂದು ಲೆಕ್ಕ ಹಾಕಿ. ಅತಿಥಿಗಳಿಲ್ಲದ ರಾತ್ರಿ ಇಂಟರ್ನ್‌ಗೆ ಉಳಿಯುವುದು ಫ್ರಿಜ್ ತೊಳೆಯುವ ಕೆಲಸ.

ಸ್ಟೈಪೆಂಡ್ ವಿಷಯದಲ್ಲಿ ‘ಬಂದ ಮೇಲೆ ಮಾತಾಡೋಣ’ ಎನ್ನುವುದು ಉತ್ತರವೇ ಅಲ್ಲ. ಕೋಪನ್‌ಹೇಗನ್ನಿನ ನೋಮಾದಂಥ ಜಗತ್ಪ್ರಸಿದ್ಧ ರೆಸ್ಟೋರೆಂಟು ಕೂಡ ಇಂಟರ್ನ್‌ಗಳಿಗೆ ಸಂಬಳ ಕೊಡಲು ಆರಂಭಿಸಿದ್ದು 2022ರಲ್ಲಿ. ಅಲ್ಲಿಯವರೆಗೆ ಹೆಸರಿಗಾಗಿ ಪುಕ್ಕಟೆ ದುಡಿದವರೇ ಹೆಚ್ಚು. ನಮ್ಮಲ್ಲಿ 1961ರ ಅಪ್ರೆಂಟಿಸ್ ಕಾಯ್ದೆಯಡಿ ನೋಂದಾಯಿತರಾದವರಿಗೆ ಸ್ಟೈಪೆಂಡ್ ಕೊಡಲೇಬೇಕು, ಆದರೆ ಕಾಲೇಜಿನಿಂದ ತರಬೇತಿಗೆಂದು ಹೋಗುವವರೆಲ್ಲ ಹಾಗೆ ನೋಂದಾಯಿತರಾಗಿರುವುದಿಲ್ಲ. ಆದ್ದರಿಂದ ಹಣ, ವಾರದ ರಜೆ, ಕೆಲಸದ ವೇಳೆ, ರಾತ್ರಿ ಸರ್ವಿಸ್ ಮುಗಿದ ಮೇಲೆ ವಸತಿಗೆ ತಲುಪಿಸುವ ವ್ಯವಸ್ಥೆ ಇಷ್ಟನ್ನೂ ಹೋಗುವ ಮೊದಲೇ ಬರಹದಲ್ಲಿ ಪಡೆಯಿರಿ.

ನಾಪೋಕ್ಲು_ಹೋಂಸ್ಟೇ

ನಾನು ಶೆಫ್ ಅಲ್ಲ, ಅತಿಥಿಗಳಿಗೆ ಮನೆಯಡುಗೆ ಬಡಿಸುವವಳು. ಮಳೆಗಾಲವೆಂದು ಕೇಟರಿಂಗ್ ಅಣ್ಣ ಹೆದರಿಸಿದ್ದಾರೆ. ಕಲಿಯುವವಳಿಗೆ ಅದೇ ಒಳ್ಳೆಯ ಕಾಲವೆಂದು ನನ್ನ ಅಭಿಪ್ರಾಯ. ಕಕ್ಕಡ ತಿಂಗಳಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ) ನಮ್ಮ ಅಡುಗೆಮನೆಗೆ ಬರುವ ಕಣಿಲೆ (ಎಳೆ ಬಿದಿರು), ಕುಮ್ಮು (ಅಣಬೆ), ಕೆಸುವಿನ ಸೊಪ್ಪು, ತೆರ್ಮೆ ಸೊಪ್ಪು (ಜರಿಗಿಡದ ಎಳೆ ಚಿಗುರು) ಬೇರೆ ಋತುವಿನಲ್ಲಿ ಕೇಳಿದರೂ ಸಿಗುವುದಿಲ್ಲ. ಕಡಂಬುಟ್ಟು (ಹಬೆಯಲ್ಲಿ ಬೇಯಿಸಿದ ಅಕ್ಕಿಯ ಉಂಡೆ), ನೂಲ್‌ಪುಟ್ಟುಗಳಿಗೆ (ಅಕ್ಕಿಯ ಶಾವಿಗೆ) ಅಕ್ಕಿ, ನೀರು, ಉಪ್ಪು ಸಾಕು, ಅವುಗಳನ್ನು ವೀಗನ್ ಮಾಡಲು ಯಾರೂ ಶ್ರಮಪಡಬೇಕಾಗಿಲ್ಲ. ಅಕ್ಕಿ ತರಿಯನ್ನು ಹಬೆಯಲ್ಲಿ ಬೇಯಿಸುವ ಪಾಪುಟ್ಟುವಿಗೆ ಹಸುವಿನ ಹಾಲಿನ ಬದಲು ತೆಂಗಿನ ಹಾಲು ಸಾಲುತ್ತದೆ. ಕಕ್ಕಡದ 18ನೇ ದಿನ ಮಾಡುವ ಮದ್ದುಸೊಪ್ಪಿನ (ಔಷಧಿಯೆಂದು ತಿನ್ನುವ ಕಾಡುಸೊಪ್ಪು) ಪಾಯಸವನ್ನು ಬೆಲ್ಲ ಮತ್ತು ತೆಂಗಿನ ಹಾಲಿನಲ್ಲಿ ಮಾಡಿದರೂ ಅದರ ನೇರಳೆ ಬಣ್ಣಕ್ಕೆ ಏನೂ ಆಗುವುದಿಲ್ಲ, ಮೇಲೆ ಹಾಕುವ ತುಪ್ಪ ಮತ್ತು ಜೇನನ್ನು ಬಿಡಬೇಕಷ್ಟೆ. (ಕೊಡಗಿನಲ್ಲಿ ಕುಳಿತು ಜೇನು ಬೇಡವೆನ್ನುವುದು ನನಗಿನ್ನೂ ಜೀರ್ಣವಾಗಿಲ್ಲ.) ಪಂದಿಗೆ ಹಾಕುವ ಕಾಚಂಪುಳಿಯನ್ನು (ಕೊಡಗಿನ ಕಪ್ಪು ಹುಳಿರಸ) ಹುರಿದ ಅಣಬೆಗೆ ಕೊನೆಯಲ್ಲಿ ಕೆಲವೇ ಹನಿ ಹಾಕಿ ನೋಡಿ, ಶೆಫ್ ಅವರು ಹೇಳಿದ ಆಳ ಅಲ್ಲಿಯೂ ಸಿಗುತ್ತದೆ. ಇಷ್ಟನ್ನು ಬಲ್ಲ ಹುಡುಗಿ ಆ ಅಡುಗೆಮನೆಗೆ ಬರಿಗೈಯಲ್ಲಿ ಹೋಗುತ್ತಿಲ್ಲ.

ಆದರೆ ನಮ್ಮ ಅಜ್ಜಿಯರು ಕಾರಣ ಹೇಳದೆ ಮಾಡುತ್ತಿದ್ದ ಕೆಲಸಗಳ ಕಾರಣವನ್ನು ತಿಳಿದುಕೊಂಡು ಹೋಗಿ. ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುವ ಅಂಶವಿರುವುದರಿಂದಲೇ ಹೆಚ್ಚಿ ನೀರಿನಲ್ಲಿಟ್ಟು, ನೀರು ಬದಲಿಸಿ, ಬೇಯಿಸಿದ ನೀರನ್ನು ಚೆಲ್ಲುತ್ತೇವೆ. ಕೆಸು ತುರಿಸುವುದು ಅದರಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿಂದ. ಚೆನ್ನಾಗಿ ಬೇಯಬೇಕು, ಹುಳಿಯೂ ಬೇಕು. ಕಾಡಿನ ಅಣಬೆಯನ್ನು ಗುರುತು ಬಲ್ಲವರು ತಂದು ಖಚಿತಪಡಿಸದ ಹೊರತು ಬಳಸಬಾರದು, ತಟ್ಟೆಗೆ ಅದೆಷ್ಟು ಚೆಂದ ಕಂಡರೂ. ಗೋಡಂಬಿಯ ಹುದುಗಿಸಿದ ‘ಚೀಸ್’ ಮಾಡುತ್ತಾರಾದರೆ ಅದರ ಆಮ್ಲೀಯತೆಯನ್ನು ಅಳೆಯುತ್ತಾರೆಯೇ ಎಂದು ಗಮನಿಸಿ, ಪಿಎಚ್ (ಆಮ್ಲೀಯತೆಯ ಅಳತೆ, ಕಡಿಮೆಯಾದಷ್ಟೂ ಹುಳಿ ಹೆಚ್ಚು) 4.6ಕ್ಕಿಂತ ಕೆಳಗಿಳಿಯದ ಪದಾರ್ಥವನ್ನು ಗಾಳಿಯಾಡದ ಡಬ್ಬಿಯಲ್ಲಿಡುವುದು ಅಪಾಯ. ವೀಗನ್ ಎಂದಾಕ್ಷಣ ಅಲರ್ಜಿಯವರಿಗೆ ಸುರಕ್ಷಿತವೆಂದು ಅತಿಥಿಗಳು ನಂಬಿಬಿಡುತ್ತಾರೆ, ಆದರೆ ಗೋಡಂಬಿ, ಸೋಯಾ, ಗೋಧಿ ಅಲ್ಲೇ ಹೆಚ್ಚು. ಅಂಗಡಿಯ ಹಿಂಗಿನಲ್ಲಿ ಕೂಡ ಸಾಮಾನ್ಯವಾಗಿ ಗೋಧಿಹಿಟ್ಟು ಬೆರೆತಿರುತ್ತದೆ.

ಗೋಣಿಕೊಪ್ಪ_ವಿದ್ಯಾರ್ಥಿನಿ

ಎಲ್ಲರಿಗೂ ಧನ್ಯವಾದಗಳು. ಕಾಲೇಜಿನಲ್ಲಿ ವಿಚಾರಿಸಿದೆ: ತರಬೇತಿಯ ಅವಧಿಯನ್ನು ಎರಡು ಕಡೆ ಹಂಚಿಕೊಳ್ಳಲು ಅವಕಾಶವಿದೆಯಂತೆ. ಹಾಗಾಗಿ ಕಕ್ಕಡ ಮುಗಿಯುವವರೆಗೆ ಮಡಿಕೇರಿಯಲ್ಲಿ, ಉಳಿದ ವಿಭಾಗಗಳನ್ನು ಬೆಂಗಳೂರಿನಲ್ಲಿ ಮುಗಿಸಲು ಯೋಚಿಸಿದ್ದೇನೆ. ಒಂದು ದಿನ ಟ್ರಯಲ್‌ಗೆ ಬನ್ನಿ ಎಂದು ರೆಸ್ಟೋರೆಂಟಿನವರು ಕರೆದಿದ್ದಾರೆ. ಅಂದು ನಾನು ಏನನ್ನು ಗಮನಿಸಬೇಕು?

ವಿರಾಜಪೇಟೆ_ಶೆಫ್

ಇಂಟರ್ನ್‌ಗಳನ್ನು ಒಂದು ಸ್ಟೇಷನ್‌ನಿಂದ (ಅಡುಗೆಮನೆಯ ಕೆಲಸದ ವಿಭಾಗ) ಇನ್ನೊಂದಕ್ಕೆ ಎಷ್ಟು ದಿನಕ್ಕೊಮ್ಮೆ ಬದಲಿಸುತ್ತಾರೆ ಎಂದು ಕೇಳಿ, ಮತ್ತು ಉತ್ತರವನ್ನು ಶೆಫ್‌ನಿಂದ ಪಡೆಯುವುದರ ಜೊತೆಗೆ ಅಲ್ಲಿ ಈಗಾಗಲೇ ಇರುವ ಇಂಟರ್ನ್‌ನಿಂದಲೂ ಪಡೆಯಿರಿ. ಸಿಬ್ಬಂದಿಯ ಊಟವನ್ನು ಯಾರು ಮಾಡುತ್ತಾರೆ ಎಂಬುದನ್ನು ನೋಡಿ. ಆ ಕೆಲಸವನ್ನು ಕಿರಿಯರಿಗೆ ಬಿಟ್ಟು, ತಿಂದು, ಉಪ್ಪು ಹುಳಿಯ ಬಗ್ಗೆ ನೇರವಾಗಿ ಹೇಳುವ ಅಡುಗೆಮನೆಯಾದರೆ ಧೈರ್ಯವಾಗಿ ಸೇರಿ. ರುಚಿ ನೋಡಲು ಚಮಚ ಕೊಡದೆ ಬರೀ ತರಕಾರಿ ಹೆಚ್ಚುವ ಕೆಲಸ ಕೊಡುವ ಕಡೆಯಾದರೆ ಬೇಡ. ಹಣದ ಮಾತನ್ನು ಸರ್ವಿಸ್ ಆರಂಭವಾಗುವ ಮೊದಲೇ, ಮಧ್ಯಾಹ್ನದಲ್ಲೇ ಎತ್ತಿ. ಸ್ವಂತ ಚಾಕು, ಜಾರದ ಶೂ, ಹೆಚ್ಚಿನ ಜೊತೆ ಕಾಲುಚೀಲ ತೆಗೆದುಕೊಂಡು ಹೋಗಿ. ಮಡಿಕೇರಿಯ ಜುಲೈನಲ್ಲಿ ಒದ್ದೆಯಾದದ್ದು ಅಂದೇ ಒಣಗುವುದಿಲ್ಲ.